ನಲವತ್ತೇಳು ನಿಮಿಷದ ದಾರಿ

ಭಾನುವಾರದ ಊಟದ ಮೇಜಿನ ಮೇಲೆ ಸೊಸೆ ಹರಡಿದ್ದ ನಕ್ಷೆಯನ್ನು ಲುಡ್ಮಿಲಾ ಎರಡೇ ಬೆರಳಲ್ಲಿ ಎತ್ತಿ ಪಕ್ಕದ ಬೆಂಚಿನ ಮೇಲೆ ಎಸೆದಳು. ಹುರಿದ ಬಾತುಕೋಳಿ ಆರುತ್ತಿತ್ತು.

"ನನ್ನ ಜಮೀನಿಗೆ ತೆರಿಗೆ ಹಾಕ್ಸೋಕೆ ನನ್ನ ಮನೇಲೇ ಕೂತು ಹೊಂಚು ಹಾಕ್ತಿದೀಯಾ?"

"ತೆರಿಗೆ ಎಲ್ಲರ ಜಮೀನಿಗೂ ಬೀಳುತ್ತೆ, ಅತ್ತೆ," ಎಂದಳು ಕೊರಿನ್. "ಇಡೀ ಕೌಂಟಿಗೆ, ಇಷ್ಟು ದೊಡ್ಡ ಜಿಲ್ಲೆಗೆ, ಇರೋದು ಒಂದೇ ಆಂಬ್ಯುಲೆನ್ಸ್, ಅದೂ ಪೂರ್ವದ ತುದೀಲಿ. ನಮ್ಮ ಕಡೆಗೆ ಬರೋಕೆ ನಲವತ್ತು ನಿಮಿಷ ಬೇಕು. ಇಲ್ಲೂ ಒಂದು ಇಡಬೇಕು, ಅದರ ಖರ್ಚಿಗೇ ಈ ತೆರಿಗೆ."

"ನಲವತ್ತಂತೆ ನಲವತ್ತು. ಬಾಯಿಗೆ ಬಂದಿದ್ದೇ ಲೆಕ್ಕ. ಕೌಂಟಿ ಮಂಡಳಿ ಇದಕ್ಕೆ ಒಪ್ಪಿದ ದಿನ ನನಗೂ ನಿನಗೂ ಮಾತು ಮುಗೀತು, ತಿಳ್ಕೋ."

ನಡುವೆ ಕೂತಿದ್ದ ಮಗ ಎಮಿಲ್ ಆರುತ್ತಿದ್ದ ಬಾತುಕೋಳಿಯನ್ನು ಕೊಯ್ಯತೊಡಗಿದ. ಆರು ವರ್ಷದಿಂದ ಸಂಬಳವಿಲ್ಲದೆ ಆ ಆಂಬ್ಯುಲೆನ್ಸಿನಲ್ಲಿ ದುಡಿಯುತ್ತಿದ್ದ ಹೆಂಡತಿ, ತಡವಾಗಿ ತಲುಪಿದ ದಿನಗಳಲ್ಲಿ ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಅಳುವುದನ್ನು ಅವನು ಕೇಳಿದ್ದ... ಗಂಡ ತೀರಿಕೊಂಡ ಮೇಲೆ ಒಬ್ಬಳೇ ಆ ಹೊಲಗಳನ್ನು ಉಳಿಸಿಕೊಂಡ ತಾಯಿಯ ಬೆವರನ್ನೂ ಕಂಡಿದ್ದ...

ಮುಂದಿನ ತಿಂಗಳು ಕೌಂಟಿ ಮಂಡಳಿಯ ಸಭೆಯಲ್ಲಿ ಕೊರಿನ್ ತನ್ನ ಯೋಜನೆ ಓದಿ ಕೂತಳು. ಹಿಂದಿನ ಸಾಲಿನಿಂದ ಲುಡ್ಮಿಲಾ ಎದ್ದಳು. ಎಮಿಲ್ ತಲೆ ತಗ್ಗಿಸಿದ.

"ನನ್ನ ಸೊಸೆ ಸುಳ್ಳು ಬರೆದಿದಾಳೆ. ಅದನ್ನ ಹಿಡಿಯೋಣ ಅಂತ್ಲೇ ನಾನು ಗಡಿಯಾರ ನೋಡ್ಕೊಂಡು ಆ ದಾರೀಲಿ ಮೂರು ಸಲ ಗಾಡಿ ಓಡಿಸಿದೆ. ನಲವತ್ತಲ್ಲ, ನಲವತ್ತೇಳು. ಒಂದು ಸಲ ಗೂಡ್ಸ್ ರೈಲು ಅಡ್ಡ ನಿಂತು ಒಂದು ಗಂಟೆ ಆಯ್ತು. ಹಿಂದಿನ ಸೀಟಲ್ಲಿ ಯಾರೂ ಮಲಗಿರ್ಲಿಲ್ಲ, ಸರಿ. ಮಲಗಿದ್ದಿದ್ರೆ..." ಅವಳು ಮಂಡಳಿಯವರತ್ತ ತಿರುಗಿದಳು. "ತೆರಿಗೆ ಹಾಕಿ. ಎಲ್ಲರಿಗಿಂತ ಹೆಚ್ಚು ಕಟ್ಟೋಳು ನಾನೇ. ಗಾಡಿ ಮಾತ್ರ ಹಳಿಯ ಈಚೆ ಇರಲಿ. ಕೂಡುರಸ್ತೆ ಹತ್ರ ನಂದು ಎರಡೆಕರೆ ಇದೆ, ಅಲ್ಲೇ ಕಟ್ಟಿ."

ಮಂಡಳಿಯ ಐವರೂ ಕೈ ಎತ್ತಿದರು. ಹೊರಗೆ ಮೆಟ್ಟಿಲ ಮೇಲೆ ಕೊರಿನ್ ಅತ್ತೆಯ ಕೈ ಹಿಡಿದುಕೊಂಡು ಬಿಕ್ಕಿದಳು.

"ಅಳೋದು ಸಾಕು. ಡ್ರೈವರ್ ಸಿಕ್ಕಿದಾರಾ?"

"ಇನ್ನೊಬ್ಬರು ಬೇಕು, ಅತ್ತೆ."

"ಜೋಳದ ಲಾರಿ ಮೂವತ್ತು ವರ್ಷ ಓಡಿಸಿದೀನಿ. ನಡೆಯುತ್ತಾ?"

ತರಬೇತಿ ಮುಗಿಸಿ, ಪರೀಕ್ಷೆಯಲ್ಲೂ ಗೆದ್ದು, ಮರುವರ್ಷದ ಸುಗ್ಗಿಯಲ್ಲಿ ಲುಡ್ಮಿಲಾ ಸ್ಟಿಯರಿಂಗ್ ಹಿಡಿದಳು. ಮೊದಲ ಕರೆ ಬಂದದ್ದು ಪಶ್ಚಿಮದ ಒಂದು ಹೊಲಮನೆಯಿಂದ, ಹೆರಿಗೆಗೆ. ಹನ್ನೊಂದೇ ನಿಮಿಷದಲ್ಲಿ ಅತ್ತೆ ಸೊಸೆ ಇಬ್ಬರೂ ಬಾಗಿಲಲ್ಲಿದ್ದರು. ಆಸ್ಪತ್ರೆ ಇನ್ನೂ ದೂರವಿರುವಾಗಲೇ ಹಿಂದಿನಿಂದ ಕೂಸಿನ ಅಳು ಕೇಳಿಸಿತು.

"ಏನು ಮಗು? ತೋರ್ಸೆ ಇಲ್ಲಿ."

"ಹೆಣ್ಣು. ನೀವು ರಸ್ತೆ ನೋಡಿ, ಅತ್ತೆ."

ಸೊಸೆಯ ಮಾತನ್ನು ಲುಡ್ಮಿಲಾ ಎದುರಾಡದೆ ಕೇಳಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡು, ನಗುತ್ತಾ, ರಸ್ತೆ ನೋಡಿದಳು.