ಶನಿವಾರ, ಎಂಟು ಗಂಟೆ ಹತ್ತು ನಿಮಿಷ

"ಮೂರು ಸಲ ಮೀಟಿಂಗಿಗೆ ಬರ್ಲಿಲ್ಲ ಅಂದ್ರೆ ಹೆಸರು ತೆಗೆದು ಹಾಕ್ತೀನಿ. ಯಾರೇ ಆಗ್ಲಿ."

ಲೊವೆಲ್ಲಾ ಹೇಳಿದ್ದು ಗುಂಪಿನ ಎಲ್ಲರಿಗೂ. ನೋಡಿದ್ದು ಮಾತ್ರ ಆಗಷ್ಟೇ ಒಳಗೆ ಬಂದ ಹುಡುಗನನ್ನು.

ಅರ್ಧ ಗಂಟೆ ತಡವಾಗಿ ಬಂದಿದ್ದ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಮೈಯಿಂದ ಸಮುದ್ರದ ವಾಸನೆ. ಥೀಸಿಸ್ ಗುಂಪುಗಳಿಗೆ ಚೀಟಿ ಎತ್ತಿ ಮುಗಿದಿತ್ತು, ಉಳಿದ ಕೊನೆಯ ಚೀಟಿ ಅವನದು. ರೆನಾಂತೆ. ಲೊವೆಲ್ಲಾಳ ಗುಂಪು.

"ಲೀಡರ್ ನೀನೇನಾ?" ಎಂದ.

"ಹೌದು."

"ಬದುಕಿದೆ. ನಾನೆಲ್ಲಿ ಲೀಡರ್ ಆಗ್ಬೇಕಾಗತ್ತೋ ಅಂತ ದೋಣಿಯಲ್ಲಿ ದಾರಿ ಉದ್ದಕ್ಕೂ ಪ್ರಾರ್ಥನೆ ಮಾಡ್ಕೊಂಡ್ ಬಂದೆ."

ಪಕ್ಕದಲ್ಲಿದ್ದ ಗ್ರೆಚೆಲ್ ಕಿಸಕ್ಕನೆ ನಕ್ಕಳು. ಹಿಂದೆ ಕುಳಿತಿದ್ದ ರುವೆಲ್ ಕೂಡ ನಕ್ಕ. ಲೊವೆಲ್ಲಾ ನಗಲಿಲ್ಲ. ನಗು ಬಂದಿತ್ತು, ಅದೇ ಅವಳಿಗೆ ಸಿಟ್ಟು ಬರಿಸಿದ್ದು.

'ಇವನಿಂದ ನನಗೆ ತಲೆನೋವು ಗ್ಯಾರಂಟಿ...' ಎಂದುಕೊಂಡಳು. ತಲೆನೋವಾಗಿದ್ದರೆ ಮಾತ್ರೆ ನುಂಗಿ ಸುಮ್ಮನಾಗಬಹುದಿತ್ತು.

ಕಾತ್ಬಾಲೋಗನ್ ಎಂಬ ಕಡಲತೀರದ ಊರಿನ ನಮ್ಮ ಸರ್ಕಾರಿ ವಿಶ್ವವಿದ್ಯಾಲಯ ತೀರಾ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಒಂದು ಕಡೆ ಯಾರಾದರೂ ಸೀನಿದರೆ ಇನ್ನೊಂದು ಕಡೆಯವರಿಗೆ ಮಧ್ಯಾಹ್ನದೊಳಗೆ ಗೊತ್ತಾಗುವಷ್ಟು. ಮೀನುಗಾರಿಕೆ ಓದುವವರು ಕೊನೆಯ ವರ್ಷ ಗುಂಪು ಕಟ್ಟಿಕೊಂಡು ಒಂದೇ ಥೀಸಿಸ್ ಬರೆಯಬೇಕು. ವರ್ಷಕ್ಕೊಮ್ಮೆ ಮಾತ್ರ ಆ ಅವಕಾಶ. ಲೀಡರ್ ಒಂದು ಕಾಗದ ಬರೆದು ಯಾರದಾದರೂ ಹೆಸರು ತೆಗೆಸಿದರೆ ಅವರಿಗೆ ಪೂರ್ತಿ ಒಂದು ವರ್ಷ ಹೋಯಿತು. ಜೊತೆಯವರು ಗೌನು ತೊಟ್ಟು ಫೋಟೋ ತೆಗೆಸಿಕೊಳ್ಳುವಾಗ ಇವರು ಮತ್ತೆ ಅದೇ ಬೆಂಚಿನ ಮೇಲೆ.

ಲೊವೆಲ್ಲಾಳ ನಾಲ್ಕು ಜನರ ಗುಂಪಿನ ವಿಷಯ ಪಚ್ಚಿಲೆ ಚಿಪ್ಪು. ಕೊಲ್ಲಿಯಲ್ಲಿ ಬಿದಿರಿನ ಗಳ ನೆಟ್ಟು, ಅದಕ್ಕೆ ಅಂಟಿ ಬೆಳೆಯುವ ಹಸಿರು ಚಿಪ್ಪುಗಳು ಎಷ್ಟು ದಪ್ಪವಾದವು ಎಂದು ಹದಿನೈದು ದಿನಕ್ಕೊಮ್ಮೆ ತೂಗಬೇಕು. ಗಳ ನೆಟ್ಟದ್ದು ರೆನಾಂತೆಯ ದ್ವೀಪದ ಹತ್ತಿರ, ಊರಿನಿಂದ ದೋಣಿಯಲ್ಲಿ ಒಂದು ಗಂಟೆ. ತೂಗುವ ಕೆಲಸ ರುವೆಲ್‌ನದು. ರೆನಾಂತೆಯದು ಬೆಸ್ತರನ್ನು ಮಾತಾಡಿಸಿ ಬರೆದುಕೊಳ್ಳುವ ಕೆಲಸ.

ಗಳ ನೆಡುವ ದಿನ ಲೊವೆಲ್ಲಾ ಕೆಸರಿನಲ್ಲಿ ಸೊಂಟದವರೆಗೆ ಹೂತು ಹೋದಳು. ರೆನಾಂತೆ ಎರಡೂ ಕೈ ಹಿಡಿದು ಎಳೆದ.

"ಅಲುಗಾಡ್ಬೇಡ. ಅಲುಗಾಡಿದಷ್ಟೂ ಒಳಗೆ ಹೋಗ್ತೀಯ. ನನ್ನ ನೋಡು."

ನೋಡಿದಳು. ಕೆಸರಿನಿಂದ ಬೇಗ ಹೊರಬಂದಳು, ಆ ನೋಟದಿಂದ ಬರಲಾಗಲಿಲ್ಲ. ಆಮೇಲೆ ಲೈಬ್ರರಿಯ ಮೆಟ್ಟಿಲ ಮೇಲೆ ಸಕ್ಕರೆ ಹಚ್ಚಿ ಕರಿದು ಕಡ್ಡಿಗೆ ಚುಚ್ಚಿದ ಬಾಳೆಹಣ್ಣು ಹಂಚಿಕೊಂಡು ತಿಂದದ್ದೆಷ್ಟು ಸಲವೋ... ಇಬ್ಬರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. 'ವೈವಾ ಮುಗೀಲಿ, ಆಮೇಲೆ ಹೇಳ್ತೀನಿ' ಎಂದು ಅವಳು ದಿನ ಎಣಿಸುತ್ತಿದ್ದಳು.

ಅಷ್ಟರಲ್ಲಿ ಅವನು ಮೀಟಿಂಗಿಗೆ ಬರುವುದನ್ನೇ ಬಿಟ್ಟ.

ಎರಡು ವಾರಕ್ಕೊಮ್ಮೆ, ಶನಿವಾರ ಬೆಳಿಗ್ಗೆ ಏಳೂವರೆಗೆ ಮೀಟಿಂಗ್. ಮೊದಲ ಸಲ ಬರಲಿಲ್ಲ. ಫೋನು ಹತ್ತಲಿಲ್ಲ. ಎರಡನೇ ಸಲವೂ ಇಲ್ಲ. ಮಧ್ಯೆ ಸಿಕ್ಕಾಗ ಏನೂ ಆಗದವನಂತೆ ನಕ್ಕು ಮಾತಾಡಿದ. ಅವಳು ಬಿಗುಮಾನದಿಂದ ಕೇಳಲಿಲ್ಲ. 'ತಾನಾಗೇ ಹೇಳ್ಲಿ. ತಪ್ಪು ಮಾಡಿದ್ದು ನಾನಾ?'

ಮೂರನೇ ಶನಿವಾರವೂ ಅವನ ಹೆಸರಿನ ಮುಂದೆ ಗೈರು ಎಂದು ಬರೆದು, ಮಧ್ಯಾಹ್ನ ಮಾರ್ಕೆಟ್ಟಿಗೆ ಹೋದಳು. ಅಲ್ಲಿ ನಿಂತಿದ್ದ ರೆನಾಂತೆ, ಚಿಪ್ಪಿನ ರಾಶಿಯ ಪಕ್ಕ. ಎದುರಿಗೆ ಉದ್ದ ಕೂದಲಿನ ಹುಡುಗಿ. ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದು ಅವಳ ಕೈಗಿಟ್ಟ. ಅವಳು ಅದನ್ನು ಜೋಪಾನವಾಗಿ ಚೀಲದೊಳಗೆ ಸೇರಿಸಿದಳು. ಇಬ್ಬರೂ ನಕ್ಕರು.

ಲೊವೆಲ್ಲಾ ಕೈಯಲ್ಲಿದ್ದ ತರಕಾರಿ ಚೀಲವನ್ನು ಎಲ್ಲಿ ಬಿಟ್ಟು ಬಂದಳೋ ಅವಳಿಗೇ ಗೊತ್ತಿಲ್ಲ.

'ಓಹೋ... ಇದಕ್ಕಾ ಪುರುಸೊತ್ತಿಲ್ಲದ್ದು...'

ಸೋಮವಾರ ಬೆಳಿಗ್ಗೆ ಗೈಡ್ ಕಾತಿಂದಿಗ್ ಮ್ಯಾಮ್‌ಗೆ ಕಾಗದ ಕೊಟ್ಟಳು. ಮೂರು ಗೈರು, ನಿಯಮದ ಪ್ರಕಾರ ಹೆಸರು ತೆಗೆಯುವುದು. ಮ್ಯಾಮ್ ಹಾಜರಿ ಪುಸ್ತಕ ನೋಡಿ, "ಅವನನ್ನ ಮಾತಾಡಿಸಿದ್ಯಾ?" ಎಂದರು.

"ಮಾತಾಡೋದೇನಿದೆ ಮ್ಯಾಮ್. ನಿಯಮ ಎಲ್ಲರಿಗೂ ಒಂದೇ."

ಮರುದಿನ ನೋಟಿಸ್ ಬೋರ್ಡಿನಲ್ಲಿ ಮೂರೇ ಹೆಸರು ಬಂದವು.

ಗುರುವಾರ ವೈವಾ. ನಮ್ಮಲ್ಲಿ ವೈವಾ ಎಂದರೆ ಪರೀಕ್ಷಕರಿಗೆ ಊಟ ಹಾಕುವುದು ವಿದ್ಯಾರ್ಥಿಗಳ ಜವಾಬ್ದಾರಿ. ಹೊಟ್ಟೆ ತುಂಬಿದವರು ಕಡಿಮೆ ಪ್ರಶ್ನೆ ಕೇಳುತ್ತಾರೆಂಬ ನಂಬಿಕೆ, ಅದು ಒಂದು ದಿನವೂ ನಿಜವಾದದ್ದು ನಾನು ಕಂಡಿಲ್ಲ. ಬಿಳಿ ಅಂಗಿ ಇಸ್ತ್ರಿ ಮಾಡಿ ತೊಟ್ಟು ಲೊವೆಲ್ಲಾ ಕಾರಿಡಾರಿಗೆ ಬಂದರೆ, ಬಾಗಿಲ ಮುಂದೆ ಎರಡು ದೊಡ್ಡ ಪಾತ್ರೆ ಹಿಡಿದು ನಿಂತಿದ್ದ ರೆನಾಂತೆ.



"ಯಾಕ್ ಬಂದೆ?"

"ಊಟ ತರ್ತೀನಿ ಅಂದಿದ್ದೆನಲ್ಲ. ಅಮ್ಮ ಬೆಳಿಗ್ಗೆನೇ ಎದ್ದು ಮಾಡಿದ್ಲು."

"ನಿನ್ನ ಹೆಸರು..."

"ನೋಡ್ದೆ." ಪಾತ್ರೆಗಳನ್ನು ಕೆಳಗಿಟ್ಟ. ಕಣ್ಣು ಎತ್ತಲಿಲ್ಲ. "ಎಲ್ಲಾ ಗೊತ್ತಿದ್ದೂ ತೆಗೆದೆಯಲ್ಲ ಲೊವೆಲ್ಲಾ... ಇರ್ಲಿ. ನಿನ್ನ ವೈವಾ ಚೆನ್ನಾಗಾಗ್ಲಿ."

'ಎಲ್ಲಾ ಗೊತ್ತಿದ್ದೂ ಅಂದ್ರೆ ಏನು? ಒಂದು ವರ್ಷ ಹೋಗತ್ತೆ ಅಂತನಾ?' ಕೇಳಬೇಕೆನ್ನುವಷ್ಟರಲ್ಲಿ ಒಳಗಿನಿಂದ ಕರೆದರು.

ಇಪ್ಪತ್ತು ನಿಮಿಷ ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಮುಖ್ಯ ಪರೀಕ್ಷಕರಾದ ಅಬ್ರೆನಿಕಾ ಸರ್ ಕನ್ನಡಕ ಏರಿಸಿದರು. ನಲವತ್ತು ವರ್ಷ ಈ ಕೊಲ್ಲಿಯ ನೀರನ್ನೇ ಅಳೆದ ಮುದುಕ.

"ಮುಂದಿನ ಪುಟ ಎಲ್ಲಾರೂ ಚೆನ್ನಾಗೇ ಬರೀತಾರೆ. ನಾನು ಹಿಂದಿನ ಪುಟ ಓದೋನು." ಥೀಸಿಸ್‌ನ ಕೊನೆಗೆ ಅಂಟಿಸಿದ್ದ ತೂಕದ ಹಾಳೆಗಳನ್ನು ತಿರುವಿದರು. "ಮೂರು ಶನಿವಾರ. ಎಂಟು ಐವತ್ತು, ಎಂಟು ಹತ್ತು, ಏಳೂವರೆ. ಎಲ್ಲಾ ಬೆಳಗಿನ ಹೊತ್ತು. ಸಮುದ್ರದ ಉಬ್ಬರ-ಇಳಿತದ ಪಟ್ಟಿ ಜೊತೆ ತಾಳೆ ನೋಡಿದೆ, ನೀರು ಪೂರ್ತಿ ಇಳಿದಿರೋ ಹೊತ್ತಿಗೇ ತೂಗಿದೀರ. ಇಷ್ಟು ಶಿಸ್ತಾಗಿ ಯಾರೂ ಮಾಡಲ್ಲ. ನೀರಲ್ಲಿ ಇದ್ದೋರು ಯಾರು?"

"ನಾನು, ಸರ್," ಎಂದ ರುವೆಲ್.

ಲೊವೆಲ್ಲಾ ತಿರುಗಿ ಅವನನ್ನು ನೋಡಿದಳು.

ಶನಿವಾರ, ಎಂಟು ಗಂಟೆ ಹತ್ತು ನಿಮಿಷ. ಆ ಹೊತ್ತಿಗೆ ರುವೆಲ್ ಅವಳ ಎದುರಿಗೇ ಕುಳಿತು ಕಾಫಿಯಲ್ಲಿ ಬನ್ನು ಅದ್ದಿ ತಿನ್ನುತ್ತಿದ್ದ. ಪುಸ್ತಕದ ಮೇಲೆ ಚೆಲ್ಲಬೇಡ ಎಂದು ಅವಳೇ ಬೈದಿದ್ದಳು. ಹಾಜರಿ ಪುಸ್ತಕದಲ್ಲಿ ಅವಳದೇ ಅಕ್ಷರ: ರುವೆಲ್ ಹಾಜರ್. ರೆನಾಂತೆ ಗೈರು.

ಮೀನುಗಾರಿಕೆ ಓದುವ ಹುಡುಗಿ, ಒಂದು ಸಲ ಇಳಿತದ ಪಟ್ಟಿ ನೋಡಿ ಮೀಟಿಂಗ್ ಇಟ್ಟಿದ್ದರೆ ಸಾಕಿತ್ತು. ಹಾಳೆಯಲ್ಲಿದ್ದ ತೂಕ ಮಾತ್ರ ಅವಳು ನೋಡಿದ್ದಳು. ದಿನ, ಗಂಟೆ ಟೈಪು ಮಾಡಿದ್ದು ಗ್ರೆಚೆಲ್.

'ಸುಮ್ಮನಿದ್ದುಬಿಡು. ಇನ್ನರ್ಧ ಗಂಟೆ... ಪಾಸಾಗ್ತೀಯ...' ಎಂದಿತು ಮನಸ್ಸು. ಕಿಟಕಿಯ ಆಚೆ ರೆನಾಂತೆ ತಟ್ಟೆಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದ.

ಅವಳು ಎದ್ದು ನಿಂತಳು.

"ಸರ್, ತೂಗಿದ್ದು ರುವೆಲ್ ಅಲ್ಲ. ಆ ಹೊತ್ತಲ್ಲಿ ಅವನು ನನ್ನೆದುರಿಗಿದ್ದ. ನೀರಲ್ಲಿ ಇದ್ದಿದ್ದು ರೆನಾಂತೆ. ಅವನ ಹೆಸರು ಇದರಲ್ಲಿಲ್ಲ. ತೆಗೆಸಿದ್ದು ನಾನು."

ಸರ್ ರುವೆಲ್‌ನನ್ನು ನೋಡಿದರು. ಅವನ ಮುಖ ಬೆವೆತಿತ್ತು.

"ನಂಗೆ ದೋಣಿ ಹತ್ತಿದ್ರೆ ವಾಂತಿ ಆಗತ್ತೆ, ಸರ್... ನೀನೇ ತೂಗಿಬಿಡು ಅಂತ ರೆನಾಂತೆ ಕಾಲು ಹಿಡ್ಕೊಂಡೆ. ಹಾಳೆ ಇಸ್ಕೊಂಡ್ ಬರಕ್ಕೆ ನನ್ನ ತಂಗಿನ ಮಾರ್ಕೆಟ್ಟಿಗೆ ಕಳಿಸ್ತಿದ್ದೆ. ಲೊವೆಲ್ಲಾಗೆ ನಾನೇ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ. ಹೇಳಿದ್ರೆ ನನ್ನ ಹೆಸರೇ ಹೋಗ್ತಿತ್ತು."

ತಂಗಿ. ಮಾರ್ಕೆಟ್ಟು. ಮಡಿಸಿದ ಕಾಗದ.

ತನ್ನ ಹೊಟ್ಟೆಗೆ ಬೆಂಕಿ ಇಟ್ಟ ಆ ಪ್ರೇಮಪತ್ರ ತನ್ನದೇ ಥೀಸಿಸ್‌ನ ಲೆಕ್ಕದ ಹಾಳೆಯಾಗಿತ್ತು! ಲೊವೆಲ್ಲಾಗೆ ನೆಲ ಬಿರಿದು ಒಳಗೆ ಹೋಗಿಬಿಡಬಾರದೇ ಎನಿಸಿತು.

"ಕಾಗದ ಬರೆಯೋ ಮುಂಚೆ ಅವನನ್ನ ಒಂದ್ಮಾತು ಕೇಳಿದ್ಯಾ?" ಸರ್ ಕೇಳಿದರು.

"ಇಲ್ಲ, ಸರ್."

"ಯಾಕೆ?"

ಅವಳು ಕಿಟಕಿಯ ಆಚೆ ನೋಡಿದಳು.

ಸರ್ ಥೀಸಿಸ್ ಮುಚ್ಚಿದರು. "ಇದನ್ನ ಹೀಗೇ ಪಾಸ್ ಮಾಡಕ್ಕಾಗಲ್ಲ. ಹೊಸ ಕಾಗದ ಬರಿ. ಹೆಸರು ಯಾಕೆ ತೆಗೆಸಿದೆ, ಯಾಕೆ ಮತ್ತೆ ಸೇರಿಸ್ತಿದೀಯ. ನಿಜವಾದ ಕಾರಣ ಇರ್ಬೇಕು, ಡೀನ್ ಓದ್ತಾರೆ. ಕೆಳಗಡೆ ಆ ಹುಡುಗನ ಒಪ್ಪಿಗೆ ಸಹಿ ಬೇಕು. ಅವನು ಹಾಕಿದ್ರೆ ಹತ್ತು ದಿನ ಬಿಟ್ಟು ನಾಲ್ಕು ಜನ ಬನ್ನಿ. ಹಾಕದೇ ಇದ್ರೆ ನಿಮ್ಮ ಮೂರು ಜನದ್ದೂ ಮುಂದಿನ ವರ್ಷಕ್ಕೆ. ಹನ್ನೆರಡರೊಳಗೆ ನನ್ನ ಮೇಜಿನ ಮೇಲಿರ್ಬೇಕು."

ಆಗ ಹನ್ನೊಂದು ಇಪ್ಪತ್ತು.

ರೆನಾಂತೆ ಕ್ಯಾಂಟೀನಿನ ಹಿಂದೆ ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದ. ಹನ್ನೆರಡಕ್ಕೆ ಅವನ ದ್ವೀಪದ ದೋಣಿ. ಲೊವೆಲ್ಲಾ ಓಡಿ ಬಂದು ಏದುಸಿರು ಬಿಡುತ್ತಾ ನಿಂತಳು.

"ನನಗೆ ಗೊತ್ತಿರ್ಲಿಲ್ಲ. ರುವೆಲ್ ಹೇಳೇ ಇರ್ಲಿಲ್ಲ."

ಅವನ ಕೈ ನಿಂತಿತು.

"ಗೊತ್ತಿದ್ದೂ ಮಾಡಿದೆ ಅಂದ್ಕೊಂಡು ಎರಡು ದಿನದಿಂದ ಊಟ ಸೇರ್ತಿಲ್ಲ ನಂಗೆ," ಎಂದ ಮೆಲ್ಲಗೆ. ಮರುಕ್ಷಣ ದನಿ ಗಡುಸಾಯಿತು. "ಆದ್ರೆ ಗೊತ್ತಿಲ್ದೇ ಇದ್ರೆ ಕೇಳ್ಬೇಕು ತಾನೆ? ಮಧ್ಯೆ ಎಷ್ಟು ಸಲ ಸಿಕ್ಕಿದೀನಿ. ಒಂದ್ಸಲ, ಎಲ್ಲೋ ಹಾಳಾಗ್ ಹೋಗಿದ್ದೆ ಅಂತ ಬೈಯ್ಬಹುದಿತ್ತಲ್ಲ. ಸೀದಾ ಹೆಸರೇ ತೆಗೆದುಬಿಟ್ಟೆ. ಅಮ್ಮಂಗೆ ಇನ್ನೂ ಹೇಳಿಲ್ಲ ನಾನು. ಬೆಳಿಗ್ಗೆ ಹಾಡ್ಕೊಂಡು ಅಡಿಗೆ ಮಾಡ್ತಿದ್ಲು."

ಲೊವೆಲ್ಲಾಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. ಸಿಮೆಂಟಿನ ಕಟ್ಟೆಯ ಮೇಲೆ ಕುಳಿತು, ಚೀಲದಿಂದ ಹಾಳೆ ತೆಗೆದು ಬರೆಯತೊಡಗಿದಳು. ಅವನು ನೋಡುತ್ತಾ ನಿಂತ.

ಒಂದು ಹಾಳೆ ಹರಿದು ಎಸೆದಳು. ಎರಡನೆಯದನ್ನು ಬರೆದು ಅವನಿಗೆ ಚಾಚಿದಳು. ಅವನು ಕೈ ಒರೆಸಿಕೊಂಡು ಓದಿದ.

ಮಾನ್ಯ ಡೀನ್ ಅವರಿಗೆ,

ರೆನಾಂತೆಯ ಹೆಸರನ್ನು ಗೈರುಹಾಜರಿಗಾಗಿ ತೆಗೆಸಿದೆ ಎಂದು ಮೊದಲ ಕಾಗದದಲ್ಲಿ ಬರೆದಿದ್ದೆ. ಅದು ಪೂರ್ತಿ ನಿಜವಲ್ಲ. ಅವನು ಒಬ್ಬ ಹುಡುಗಿಗೆ ಕಾಗದ ಕೊಟ್ಟದ್ದನ್ನು ನೋಡಿ ಹೊಟ್ಟೆಕಿಚ್ಚಿನಿಂದ ತೆಗೆಸಿದೆ. ನಾನು ಅವನನ್ನು ಪ್ರೀತಿಸುತ್ತೇನೆ. ಅವನಿಗೆ ಅದನ್ನು ಹೇಳಿರಲಿಲ್ಲ. ಆ ಮೂರು ಶನಿವಾರಗಳಲ್ಲಿ ಅವನು ನಮ್ಮ ಕೆಲಸವನ್ನೇ ಮಾಡುತ್ತಿದ್ದ. ತಪ್ಪು ನನ್ನದು. ಅವನ ಹೆಸರು ಸೇರಿಸಬೇಕೆಂದು ಕೋರುತ್ತೇನೆ.

ಅವನು ಎರಡು ಸಲ ಓದಿದ. ಕಿವಿ ಕೆಂಪಾಯಿತು.

"ಇದನ್ನ ಡೀನ್ ಓದ್ತಾರೆ, ಗೊತ್ತಲ್ವಾ?"

"ಓದ್ಲಿ."

"ಆಫೀಸಿನೋರು ಓದ್ತಾರೆ. ಸಂಜೆಯೊಳಗೆ ಊರೆಲ್ಲಾ ಗೊತ್ತಾಗತ್ತೆ."

"ಗೊತ್ತಾಗ್ಲಿ. ನಿನ್ನ ಹೆಸರು ಹೋಗಿದ್ದು ಊರಿಗೆಲ್ಲಾ ಗೊತ್ತಾಯ್ತಲ್ಲ." "ನೀನು ಸಹಿ ಹಾಕ್ಲೇಬೇಕು ಅಂತಿಲ್ಲ. ನಾನು ಮಾಡಿದ್ದಕ್ಕೆ ನಂಗೂ ಒಂದು ವರ್ಷ ಹೋದ್ರೆ ಹೋಗ್ಲಿ."

ದೂರದಲ್ಲಿ ದೋಣಿಯವನು ಹೊರಡುವ ಮುಂಚಿನ ಮೊದಲ ಕೂಗು ಹಾಕಿದ. ರೆನಾಂತೆ ಅತ್ತ ತಿರುಗಿ ನೋಡಿದ. ಆಮೇಲೆ ಅವಳ ಕೈಯಿಂದ ಪೆನ್ನು ಇಸಿದುಕೊಂಡು ಅವಳ ಪಕ್ಕ ಕುಳಿತ.

"ರುವೆಲ್ ಹೆಸರೂ ಇರ್ಲಿ," ಎಂದ. "ವಾಂತಿಗೆ ಯಾರೂ ವರ್ಷ ಕಳ್ಕೋಬಾರ್ದು."

ಸಹಿ ಹಾಕಿದ. ಹಾಕಿದವನು ಕಾಗದ ಕೊಡಲಿಲ್ಲ. ಸಹಿಯ ಕೆಳಗೆ ಇನ್ನೊಂದು ಸಾಲು ಬರೆದು ಆಮೇಲೆ ಚಾಚಿದ.

'ಒಪ್ಪಿದ್ದೇನೆ. ನಾನು ನೀರಿಗೆ ಇಳಿದದ್ದು ರುವೆಲ್‌ಗೋಸ್ಕರ ಅಲ್ಲ.'

ಲೊವೆಲ್ಲಾ ಓದಿದಳು. ಅರ್ಥವಾಗಿತ್ತು. ಆದರೂ ಅವನ ಮುಖ ನೋಡಿದಳು.

"ಮತ್ತೆ ಯಾರಿಗೋಸ್ಕರ?"

"ಲೀಡರ್‌ಗೆ ಎಲ್ಲಾ ಬಿಡಿಸಿ ಹೇಳ್ಬೇಕಾ?"

"ಹೇಳ್ಬೇಕು. ಇನ್ಮೇಲೆ ನಾನಾಗೇ ಏನೂ ಅಂದ್ಕೊಳಲ್ಲ. ಕೇಳ್ತೀನಿ. ಯಾರಿಗೋಸ್ಕರ?"

ಅವನ ಒದ್ದೆ ಕೈ ಅವಳ ಕೈಯನ್ನು ಹಿಡಿಯಿತು.

"ನಿನಗೋಸ್ಕರ."

ಇಬ್ಬರೂ ಕಾಗದ ಹಿಡಿದು ಅಬ್ರೆನಿಕಾ ಸರ್ ಕೋಣೆಗೆ ಓಡಿದರು. ಹನ್ನೆರಡರ ದೋಣಿ ಅವನನ್ನು ಬಿಟ್ಟು ಹೋಯಿತು.