ಗೊಂಬೆಗೆ ಬಂದ ಜ್ವರ

ನಾನು ಉಡುಪಿಯಲ್ಲಿ ನರ್ಸಿಂಗ್ ಕಲಿಸುತ್ತಿದ್ದ ೧೯೬೩ರ ಮಾತು. ಅಭ್ಯಾಸಕ್ಕೆಂದು ತರಗತಿಯ ಮಂಚದಲ್ಲಿ ಆಳೆತ್ತರದ ಗೊಂಬೆಯೊಂದು ಇತ್ತು. ಅದಕ್ಕೆ ಚಳಿಯಾದೀತೆಂದು ಹೊದಿಸಿ ಹೋಗುತ್ತಿದ್ದವಳು ನನ್ನ ವಿದ್ಯಾರ್ಥಿನಿಯರಲ್ಲಿ ಜೆರ್ಟ್ರೂಡ್ ಒಬ್ಬಳೇ. ರಜೆಗೆ ಕಾಪುವಿನ ಮನೆಗೆ ಹೋದವಳು ಇನ್ನೂ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಗೊಂಬೆಯ ಮೈ ಒರೆಸುತ್ತಿದ್ದ ಬೇಬಿ ಎಂಬ ಹುಡುಗಿ ಕೈ ಹಿಂದೆಗೆದಳು. “ಟೀಚರ್, ಇದಕ್ಕೆ ಜ್ವರ ಉಂಟು.”

ಗದರಿಸಿ ಮುಟ್ಟಿದೆ. ಹಣೆ ಸುಡುತ್ತಿತ್ತು. ಮೈ ಒರೆಸಲು ತಂದಿದ್ದ ಡೆಟ್ಟಾಲ್ ನೀರಿನ ಬಟ್ಟೆಯನ್ನೇ ಹಣೆಗೆ ಇಟ್ಟೆ. ಅದು ಒಣಗುತ್ತಿತ್ತು, ನಾನು ಮತ್ತೆ ಅದ್ದಿ ಇಡುತ್ತಿದ್ದೆ. ಸಂಜೆ ಹಣೆ ತಣ್ಣಗಾದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು.

ಮರುದಿನ ಜೆರ್ಟ್ರೂಡಳ ಅಣ್ಣ ಪಾಸ್ಕಲ್ ಬಂದ.

“ಟೈಫಾಯ್ಡ್, ಟೀಚರ್. ನಿನ್ನೆ ಸಂಜೆ ಹೋದಳು. ಜ್ವರಕ್ಕೆ ನೀರು ಮುಟ್ಟಿಸಬಾರದು ಅಂತ ಅಮ್ಮ ಒದ್ದೆ ಬಟ್ಟೆ ಇಡ್ಲಿಕ್ಕೂ ಬಿಡಲಿಲ್ಲ. ಆದರೂ ಹಣೆಗೆ ತಂಪಾಯಿತು ಅಂತ ಹೇಳ್ತಾ ಇದ್ದಳು.” ಹೊರಡುವ ಮುನ್ನ ಕೇಳಿದ: “ಅವಳ ದಿಂಬಿಗೆ ಡೆಟ್ಟಾಲ್ ವಾಸನೆ ಎಂತಕ್ಕೆ ಬಂತು?”