ಕಹಿಯಿಲ್ಲದ ಹನಿ

ನನ್ನ ಸೊಸೆ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿದಳು. ಬಗ್ಗಿ, ತನ್ನ ಕಪ್ಪು ಬೂಟಿನ ಮೇಲೆ ಒಂದು ಹನಿ ಬಿಟ್ಟಳು. ಹಾಲಿನ ಬಣ್ಣದ ಹನಿ ಬೀಳಬೇಕಿತ್ತು. ಬಿದ್ದದ್ದು ನೀರು.

“ಅತ್ತೆ, ಇದು ಔಷಧಿ ಅಲ್ಲ,” ಎಂದಳು.

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ನಾವು ಮೂವರಿದ್ದೆವು. ನಾನು, ಪೊಲೀಸ್ ಇನ್ಸ್‌ಪೆಕ್ಟರ್ ಆಗಿರುವ ನನ್ನ ಸೊಸೆ, ಮತ್ತು ಆ ಬಾಟಲಿಯ ಒಡೆಯರಾದ ಟೈಲರ್. ಮಾತು ಶುರು ಮಾಡಿದ್ದು ಅವರೇ.

“ಮೊದಲ್ನೇ ವಾರ ಹನಿ ಹಾಕಿದ್ರೆ ಗಂಟಲೆಲ್ಲ ಕಹಿ. ಈಗ ಕಹೀನೇ ಇಲ್ಲಮ್ಮ. ಔಷಧಿ ಸುಧಾರಿಸಿದೆ!” ಎಂದಿದ್ದರು.

ಕಣ್ಣಿಗೆ ಹಾಕಿದ್ದು ಗಂಟಲಿಗೆ ಇಳಿಯುತ್ತದೆಂದು ಹನಿ ಹಾಕಿಕೊಳ್ಳುವವರಿಗೆಲ್ಲ ಗೊತ್ತು. ನಾನು ನಕ್ಕುಬಿಟ್ಟೆ. ಸೊಸೆ ನಗಲಿಲ್ಲ, ಬಾಟಲಿ ಕೇಳಿದಳು. ಸೊಸೆಯನ್ನು ಹೊಗಳುವ ಅತ್ತೆ ಲೋಕದಲ್ಲಿ ಅಪರೂಪವಂತೆ. ಇರಲಿ, ಲೆಕ್ಕಕ್ಕೆ ನಾನೊಬ್ಬಳು ಇದ್ದೇನೆ.

* * *

ವಿಷಯ ಇಷ್ಟು. ಅಲ್ಲಿಗೆ ಬರುವ ರೋಗಿಗಳಾದ ನಮಗೆಲ್ಲ ಗ್ಲಾಕೋಮಾ. ಕಣ್ಣೊಳಗಿನ ನೀರು ಹೊರಹೋಗಲಾರದೆ ಒತ್ತಡ ಏರುತ್ತದೆ, ನೋಟ ಅಂಚಿನಿಂದ ಸವೆಯುತ್ತ ಬರುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ನನ್ನ ಎಡಗಣ್ಣು ಹಾಗೇ ಹೋಯಿತು. ಬಲಗಣ್ಣಿಗೆ ಆಪರೇಷನ್ ಆಗಬೇಕಿತ್ತು. ಆ ನೀರಿಗೊಂದು ಹೊಸ ದಾರಿ ಕೊರೆಯುವುದು, ಅಷ್ಟೇ ಕೆಲಸ. ಆದರೆ ಇಲ್ಲಿ ಗಾಯ ಮಾಯುವುದೇ ಶತ್ರು. ಬೇಗ ಮಾಯ್ದರೆ ದಾರಿ ಮುಚ್ಚಿಹೋಗುತ್ತದೆ. ಅದನ್ನು ತಡೆಯುವುದಕ್ಕೇ ಆಪರೇಷನ್ ಆದ ಮೇಲೆ ಹಾಕುವ ಆ ಹಾಲುಬಣ್ಣದ ಹನಿ.

ಯಾರಿಗೆ ದಾರಿ ಉಳಿಯುತ್ತದೆ, ಯಾರಿಗೆ ಮುಚ್ಚುತ್ತದೆ ಎಂದು ಮೊದಲೇ ಹೇಳುವ ಒಂದು ಲೆಕ್ಕವನ್ನು ಅಲ್ಲಿಯ ಕಿರಿಯ ಡಾಕ್ಟರಮ್ಮ ಕಂಡುಹಿಡಿದಿದ್ದರು. ವಯಸ್ಸು, ಕಣ್ಣಿನ ಬಿಳಿಭಾಗದ ಕೆಂಪು, ಆಪರೇಷನ್ನಿಗೆ ಮೊದಲು ಒತ್ತಡ ಇಳಿಸುವ ಬೇರೆ ಹನಿಯನ್ನು ಎಷ್ಟು ವರ್ಷ ಹಾಕಿದ್ದಾರೆ ಎಂಬುದೆಲ್ಲ ಅದರಲ್ಲಿ ಸೇರಿತ್ತು. ಆ ಹನಿ ಹಾಕಿದ ವರ್ಷ ಹೆಚ್ಚಾದಷ್ಟೂ ದಾರಿ ಮುಚ್ಚುವ ಭಯ ಹೆಚ್ಚು. ಲೆಕ್ಕ ಹಾಕುವ ರೀತಿಯನ್ನು ಆಕೆ ಎಲ್ಲ ಡಾಕ್ಟರರಿಗೂ ಕಲಿಸಿದ್ದರು. ಆದರೆ ಪರೀಕ್ಷೆ ನ್ಯಾಯವಾಗಿ ನಡೆಯಲೆಂದು ಯಾವ ರೋಗಿಗೆ ‘ಉಳಿಯುತ್ತದೆ’, ಯಾವ ರೋಗಿಗೆ ‘ಸಂಶಯ’ ಎಂಬ ಉತ್ತರ ಬಂದಿದೆ ಎಂಬುದನ್ನು ಮಾತ್ರ ತನ್ನ ಕಂಪ್ಯೂಟರಿನಲ್ಲಿ ಗುಟ್ಟಾಗಿ ಇಟ್ಟಿದ್ದರು.

ಗುಟ್ಟು ಬಿಚ್ಚಿದ ದಿನ ಆಕೆಯ ಮರ್ಯಾದೆ ಮಣ್ಣುಪಾಲಾಯಿತು. ‘ಉಳಿಯುತ್ತದೆ’ ಎಂದ ಕಡೆಯೆಲ್ಲ ದಾರಿ ಮುಚ್ಚಿತ್ತು. ‘ಸಂಶಯ’ ಎಂದವರಲ್ಲೇ ಅರ್ಧ ಜನ ಗುಂಡುಕಲ್ಲಿನ ಹಾಗಿದ್ದರು.

“ಇದು ವೈದ್ಯ ಅಲ್ಲ, ಕಣಿ ಹೇಳೋದು!” ಎಂದು ವಿಭಾಗದ ಮುಖ್ಯಸ್ಥರು ಎಲ್ಲರೆದುರು ನಕ್ಕರು. ಇವರನ್ನು ನಾವು ದೊಡ್ಡ ಡಾಕ್ಟರು ಎನ್ನುತ್ತೇವೆ. ಕಿರಿಯ ಡಾಕ್ಟರಮ್ಮನನ್ನು ಆಪರೇಷನ್ ಥಿಯೇಟರಿನಿಂದ ಹೊರಗಿಟ್ಟರು. ಆಕೆಯ ಕೈಯಲ್ಲಿ ಆಗಬೇಕಿದ್ದ ನನ್ನ ಆಪರೇಷನ್ ನಿಂತುಹೋಯಿತು. ಉಳಿದ ಒಂದೇ ಕಣ್ಣಿನಲ್ಲಿ ಒತ್ತಡ ಏರುತ್ತಲೇ ಇತ್ತು. ಭಯವಾಗುತ್ತಿತ್ತು, ಮುಚ್ಚಿಡುವುದೇನು.

* * *

ಸೊಸೆ ಮನೆಮನೆಗೆ ಹೋಗಿ ಎಲ್ಲ ರೋಗಿಗಳ ಬಾಟಲಿಗಳನ್ನೂ ತಂದಳು, ಪರೀಕ್ಷೆಗೆ ಕಳಿಸಿದಳು. ‘ಉಳಿಯುತ್ತದೆ’ ಎಂದವರ ಬಾಟಲಿಗಳಲ್ಲಿ ಬರೀ ಉಪ್ಪುನೀರು. ‘ಸಂಶಯ’ ಎಂದವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರದ್ದೆಲ್ಲ ಅಸಲಿ ಔಷಧಿ.

ಬಾಟಲಿ ಬದಲಾಯಿಸುವುದು ಕಷ್ಟವಿರಲಿಲ್ಲ. ಹನಿ ಸರಿಯಾಗಿ ಹಾಕಿದ್ದಾರೋ ಇಲ್ಲವೋ ನೋಡಲು ತಪಾಸಣೆಗೆ ಬಂದವರ ಬಾಟಲಿಗಳನ್ನೆಲ್ಲ ಒಂದು ಟ್ರೇಯಲ್ಲಿ ಇಡಿಸುತ್ತಾರೆ. ಆ ಟ್ರೇ ಸಿಸ್ಟರ್ ಕೈಯಿಂದ ಡಾಕ್ಟರಮ್ಮನ ಕೋಣೆಗೆ, ಅಲ್ಲಿಂದ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ವಾಪಸು ಬರುತ್ತದೆ.

“ಸಿಸ್ಟರ್ ಇರಬಹುದಾ?” ಕೇಳಿದೆ.

“ಅವರಿಗೆ ಆ ಲೆಕ್ಕಾನೇ ಗೊತ್ತಿಲ್ಲ ಅತ್ತೆ. ಅವರೇ ಆಗಿದ್ರೆ ಕೈಗೆ ಸಿಕ್ಕಿದ್ದನ್ನ ಬದಲಾಯಿಸ್ತಿದ್ರು. ಕಣ್ಣು ಮುಚ್ಕೊಂಡು ಕಲ್ಲು ಹೊಡೆದ್ರೂ ಒಂದೆರಡು ಗುರಿಗೆ ತಾಗುತ್ತೆ. ಡಾಕ್ಟರಮ್ಮನ ಲೆಕ್ಕ ‘ಉಳಿಯುತ್ತೆ’ ಅಂದ ಕಡೆ ಒಂದೂ ತಾಗಿಲ್ಲ. ಅಂದ್ರೆ ಗುರಿ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿದ್ದೋರು ಅದನ್ನ ತಪ್ಪಿಸಿದಾರೆ.”

ಉತ್ತರ ಗೊತ್ತಿದ್ದವರು ಡಾಕ್ಟರಮ್ಮ ಒಬ್ಬರೇ. ದೊಡ್ಡ ಡಾಕ್ಟರೂ ಅದನ್ನೇ ಹಿಡಿದುಕೊಂಡರು. “ತನ್ನ ಕೈತಪ್ಪನ್ನ ಔಷಧಿ ಮೇಲೆ ಹಾಕೋಕೆ ಅವಳೇ ಮಾಡಿದಾಳೆ, ಇನ್ಸ್‌ಪೆಕ್ಟರೇ. ಇನ್ನೇನು ಬೇಕು ನಿಮಗೆ?”

ನನಗೂ ಹೌದೆನಿಸಿತು. ಸೊಸೆ ಮಾತ್ರ ಆ ಒಂಟಿ ಬಾಟಲಿಗೆ ಅಂಟಿಕೊಂಡಿದ್ದಳು. ‘ಸಂಶಯ’ದವರಲ್ಲಿ ಔಷಧಿ ಬದಲಾಗಿದ್ದ ಆ ಒಬ್ಬರು ನಮ್ಮ ಟೈಲರ್.

“ಆಪರೇಷನ್‌ಗೆ ಮೊದಲು ಎಷ್ಟು ವರ್ಷ ಹನಿ ಹಾಕಿದ್ರಿ?” ಎಂದು ಅವರನ್ನು ಕೇಳಿದಳು.

ಟೈಲರ್ ತಲೆ ಕೆರೆದುಕೊಂಡರು. “ಯಾರಿಗೆ ಹೇಳಿದ್ದು ಬೇಕು ಮೇಡಂ?”

“ಎಷ್ಟು ಜನಕ್ಕೆ ಹೇಳಿದೀರಿ?”

“ಇಬ್ಬರಿಗೆ. ದೊಡ್ಡ ಡಾಕ್ಟ್ರು ಸಿಡುಕ್ತಾರೆ. ಇಷ್ಟು ವರ್ಷ ಯಾಕೆ ಬರಲಿಲ್ಲ ಅಂತ ಬೈತಾರೆ ಅಂದ್ಕೊಂಡು ಒಂದೇ ವರ್ಷ ಅಂದೆ. ಆಮೇಲೆ ಡಾಕ್ಟರಮ್ಮ ಕೂತ್ಕೊಂಡು ವಿಚಾರಿಸಿದ್ರು. ಅವರ ಹತ್ರ ಸುಳ್ಳು ಬರಲಿಲ್ಲ. ಹನ್ನೆರಡು ವರ್ಷ ಅಂದೆ.”

ಸೊಸೆ ಟೋಪಿ ಹಾಕಿಕೊಂಡು ಎದ್ದಳು.

* * *

ಸಭೆಯ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ದೊಡ್ಡ ಡಾಕ್ಟರ ಹಿಂದಿನ ಗೋಡೆಯ ತುಂಬ ಅವರ ನಳಿಕೆಯ ಚಿತ್ರಗಳು. ಕಣ್ಣೊಳಗೆ ಕೂರಿಸಿ ನೀರು ಹರಿಸುವ ಸಣ್ಣ ನಳಿಕೆ ಅದು. ಅವರಿಗೆ ಹೆಸರು ತಂದದ್ದೂ ಅದೇ.

“ಸರ್, ಡಾಕ್ಟರಮ್ಮನ ಲೆಕ್ಕಾನ ನೀವು ಯಾವತ್ತಾದ್ರೂ ಹಾಕಿ ನೋಡಿದೀರಾ?” ಸೊಸೆ ಕೇಳಿದಳು.

“ಕಣಿ ಕೇಳೋ ಅಭ್ಯಾಸ ನನಗಿಲ್ಲ.”

“ಒಂದ್ಸಲಾನೂ?”

“ಒಂದ್ಸಲಾನೂ ಇಲ್ಲ.”

“ಹಾಗಾದ್ರೆ ಟೈಲರ್ ಬಾಟಲಿ ಹೇಗೆ ಬದಲಾಯ್ತು? ಅವರು ಹನಿ ಹಾಕಿದ್ದು ಹನ್ನೆರಡು ವರ್ಷ. ಡಾಕ್ಟರಮ್ಮ ಅಷ್ಟೇ ಇಟ್ಟು ಲೆಕ್ಕ ಹಾಕಿದ್ರು, ‘ಸಂಶಯ’ ಬಂತು. ಕಳ್ಳಿ ಅವರೇ ಆಗಿದ್ರೆ ಆ ಬಾಟಲಿ ಮುಟ್ತಾನೇ ಇರಲಿಲ್ಲ. ನಿಮಗೆ ಹೆದರಿ ಟೈಲರ್ ಒಂದೇ ವರ್ಷ ಅಂದ್ರು. ಒಂದು ವರ್ಷ ಅಂತ ಇಟ್ಟು ನೋಡಿ, ಉತ್ತರ ‘ಉಳಿಯುತ್ತೆ’ ಅಂತ ಬರುತ್ತೆ. ಆ ತಪ್ಪು ಉತ್ತರ ಈ ಆಸ್ಪತ್ರೇಲಿ ಬರೋದು ಒಬ್ಬರಿಗೇ ಸರ್.”

ಸೊಸೆ ಬಾಗಿಲ ಕಡೆ ನೋಡಿದಳು. ಪೇದೆಯೊಬ್ಬ ಒಂದು ಡಬ್ಬ ತಂದು ಮೇಜಿನ ಮೇಲಿಟ್ಟ. ದೊಡ್ಡ ಡಾಕ್ಟರ ಬೀರುವಿನಲ್ಲಿ ಸಿಕ್ಕ ಅಸಲಿ ಔಷಧಿಯ ಬಾಟಲಿಗಳು ಅದರಲ್ಲಿದ್ದವು.

“ನನ್ನ ನಳಿಕೆಗೋಸ್ಕರ ಎಲ್ಲೆಲ್ಲಿಂದಲೋ ಬರ್ತಾರೆ,” ಎಂದರು ದೊಡ್ಡ ಡಾಕ್ಟರು, ತಲೆ ಎತ್ತದೆ. “ಇವಳ ಲೆಕ್ಕ ಜಾರಿಗೆ ಬಂದ್ರೆ ಮುಕ್ಕಾಲು ಜನಕ್ಕೆ ನಳಿಕೆ ಬೇಡ ಅಂತಾಗುತ್ತೆ. ಆಮೇಲೆ ನಾನ್ಯಾರು?”

ಡಾಕ್ಟರಮ್ಮ ಮೂಲೆಯಲ್ಲಿ ಮುದುಡಿ ಕೂತಿದ್ದರು. ಸೊಸೆ ಅವರ ಕಡೆ ತಿರುಗಿದಳು.

“ತಲೆ ಎತ್ತಿ ಡಾಕ್ಟ್ರೇ. ನಿಮ್ಮ ಲೆಕ್ಕಾನ ಎಲ್ಲರಿಗಿಂತ ಹೆಚ್ಚು ನಂಬಿದ್ದೋರು ಇವರೇ. ಅದು ಉಳಿಯುತ್ತೆ ಅಂದ ಕಣ್ಣು ಖಂಡಿತ ಉಳಿಯುತ್ತೆ ಅಂತ ಗೊತ್ತಿದ್ದಕ್ಕೇ ಅಷ್ಟನ್ನೇ ಹುಡುಕಿ ಕೆಡಿಸಿದಾರೆ.”

ಡಾಕ್ಟರಮ್ಮ ಎದ್ದು ನಿಂತರು. ನನ್ನ ಎದೆ ಎಷ್ಟು ಉಬ್ಬಿತೆಂದರೆ ರವಿಕೆಯ ಗುಂಡಿಯ ಬಗ್ಗೆ ಚಿಂತೆಯಾಯಿತು. ಪಕ್ಕದಲ್ಲಿದ್ದ ಸಿಸ್ಟರ್‌ಗೆ ಮೊಣಕೈಯಿಂದ ತಿವಿದು, “ನನ್ನ ಸೊಸೆ,” ಎಂದೆ. “ಗೊತ್ತಮ್ಮ, ಬೆಳಗ್ಗಿಂದ ಹೇಳ್ತಾನೇ ಇದೀರಿ,” ಎಂದರು.

* * *

ಕೆಟ್ಟ ಕಣ್ಣುಗಳಿಗೆ ಎರಡನೆಯ ಸಲ ಆಪರೇಷನ್ ಆಯಿತು. ಟೈಲರಿಗೆ ಮಾತ್ರ ಸಕಾಲಕ್ಕೆ ಅಸಲಿ ಹನಿ ಸಿಕ್ಕಿ, ಕಣ್ಣು ಹಾಗೇ ಉಳಿಯಿತು. ಗಂಟಲು ಕಹಿ ಎಂದು ಈಗ ದಿನವೂ ಗೊಣಗುತ್ತಾರೆ.

ನನ್ನ ಸರದಿಯೂ ಬಂತು. “ನನ್ನದೇನು ಹೇಳುತ್ತೆ ಲೆಕ್ಕ?” ಎಂದು ಕೇಳಿದೆ.

“ಸಂಶಯ ಅನ್ನುತ್ತೆ ಅಮ್ಮ,” ಎಂದರು ಡಾಕ್ಟರಮ್ಮ, ನನ್ನ ಕೈ ಹಿಡಿದುಕೊಂಡು. “ಅದಕ್ಕೇ ನಿಮಗೆ ಮೊದಲೇ ನಳಿಕೆ ಹಾಕ್ತೀನಿ. ಅವರ ನಳಿಕೆ ಒಳ್ಳೇದೇ. ಯಾರಿಗೆ ಬೇಕು ಅನ್ನೋದು ಗೊತ್ತಿರಬೇಕು, ಅಷ್ಟೇ. ಲೆಕ್ಕ ಇರೋದೇ ಅದಕ್ಕೆ.”

ಸುಳ್ಳು ಧೈರ್ಯ ಹೇಳದ ಆ ಕೈಗೆ ನಾನು ಕಣ್ಣು ಒಪ್ಪಿಸಿದೆ.

ಕೆಲವು ವಾರಗಳ ಮೇಲೆ ಒತ್ತಡ ಅಳೆದು, “ಇಳಿದಿದೆ, ಕಣ್ಣು ಉಳೀತು,” ಎಂದರು. ಸೊಸೆ ಸಮವಸ್ತ್ರದಲ್ಲೇ ಓಡಿ ಬಂದು ನನ್ನ ಮುಂದೆ ಮಂಡಿಯೂರಿ ಕೂತಳು.

“ಕಾಣ್ತಾ ಇದೀನಾ ಅತ್ತೆ?”

“ಕಾಣದೆ ಏನು? ಬೈತಲೆ ಹತ್ರ ಒಂದು ಬಿಳಿ ಕೂದಲಿದೆ.”

“ಕಣ್ಣು ಉಳಿದಿದ್ದೇ ತಡ, ಅತ್ತೆತನ ಶುರು!” ಎಂದು ನಗುತ್ತ ಕಣ್ಣೊರೆಸಿಕೊಂಡಳು.

“ಎಡಗಡೆ ಇನ್ನೂ ಎರಡಿವೆ,” ಎಂದೆ ಹೆಮ್ಮೆಯಿಂದ.